ಹಳದಿ ಚೀಟಿ

ಮಾನ್ವಿಯ ಆ ಮನುಷ್ಯ ಮೂರನೆಯ ಸಲ ಫೋನ್ ಮಾಡಿದಾಗ ಶಶಿಕಲಾಳ ಅನುಮಾನ ಗಟ್ಟಿಯಾಯಿತು. ತನ್ನ ಕಟ್ಟಡ ಅಪಾಯಕಾರಿ ಎಂದು ತಾನೇ ಗೋಗರೆಯುವ ಮಾಲೀಕನನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಕೆಂಪಿಗೆ ಹಾಕ್ರಿ ಮೇಡಂ. ಇವತ್ತೇ ಹಾಕ್ರಿ," ಎಂದ ವಿರೂಪಣ್ಣ. ಹಿಂದೆ ಅವನ ಅಕ್ಕಿ ಗಿರಣಿಯ ಸದ್ದು.

ಕೆಂಪು, ಹಳದಿ, ಹಸಿರು. ಜಿಲ್ಲೆಯ ಹಳೆಯ ಕಟ್ಟಡಗಳಲ್ಲಿ ವಿಷದ ಸಾಮಾನು ಎಲ್ಲೆಲ್ಲಿದೆ ಎಂದು ದಾಖಲಿಸುವ ತಂತ್ರಾಂಶಕ್ಕೆ ಈ ವಿಭಾಗಗಳನ್ನು ಜೋಡಿಸಿದವಳು ಅವಳೇ. ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್‌ನ, ಸಿಮೆಂಟ್ ಶೀಟು ಇಡಿಯಾಗಿದ್ದರೆ ಹಳದಿ: ಬಾಗಿಲಿಗೊಂದು ಚೀಟಿ, ಮೂರು ತಿಂಗಳಲ್ಲಿ ತಪಾಸಣೆ. ಶೀಟನ್ನು ಕೊಯ್ದಿದ್ದರೆ ಕೆಂಪು. ಅದರ ಪುಡಿ ಎದೆಗೆ ಇಳಿಯುತ್ತದೆ. ಅಂದೇ ಎಲ್ಲರೂ ಖಾಲಿ ಮಾಡಬೇಕು.

ಈ 'ಅಂದೇ ಖಾಲಿ'ಯೇ ಅವಳ ನಿದ್ದೆ ಕೆಡಿಸಿತ್ತು. ತಂತ್ರಾಂಶ ಬರುವ ಮೊದಲು, ಕಾಗದದ ಪಟ್ಟಿಯ ಕಾಲದಲ್ಲಿ, ಅವಳ ಕೆಲಸದಲ್ಲಿದ್ದ ಉದಯಕುಮಾರ ದೇವದುರ್ಗದ ಮಾಲೀಕನೊಬ್ಬನ ಮಾತು ನಂಬಿ ಒಂದು ವಠಾರವನ್ನು ಕೆಂಪಿಗೆ ಹಾಕಿದ್ದ. ಏಳು ಸಂಸಾರ ಬೀದಿಗೆ ಬಿದ್ದವು. ಆಮೇಲೆ ನೋಡಿದರೆ ಅಲ್ಲಿ ಕಲ್ನಾರಿನ ಎಳೆಯೂ ಇರಲಿಲ್ಲ. ಮಾಲೀಕನಿಗೆ ಅಂಗಡಿ ಕಟ್ಟಬೇಕಿತ್ತು, ಅಷ್ಟೇ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು. ಉದಯಕುಮಾರನ ಗುತ್ತಿಗೆ ಕೆಲಸ ಹೋಯಿತು.

ಐದು ಗಂಟೆಯೊಳಗೆ ಪಟ್ಟಿ ಹೋಗಬೇಕು. ಶಶಿಕಲಾ ಮೇಜಿನ ಕೆಳಗೆ ಕಾಲು ಕುಣಿಸುತ್ತಿದ್ದಳು. ಹೊರಗೆ ಮೇ ತಿಂಗಳ ಬಿಸಿಲು ಊರನ್ನೇ ಹುರಿಯುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಸಹೋದ್ಯೋಗಿ, ಐದು ತಿಂಗಳ ಬಸುರಿ ಗುಲ್ಫಶಾ ಒಳಗಿನ ತಂಪಿಗೆ ಶಾಲು ಹೊದ್ದುಕೊಂಡು, ಕೀಬೋರ್ಡಿನ ಧೂಳನ್ನು ಅದರ ಸೆರಗಿನಿಂದಲೇ ಒರೆಸುತ್ತಿದ್ದಳು.

"ಒಳಗ ಎಷ್ಟು ಮಂದಿ ಅದಾರ?" ಶಶಿಕಲಾ ಫೋನಿನಲ್ಲಿ ಕೇಳಿದಳು.

"ಐದು ಮಂದಿ ಅಂತ. ಏಜೆಂಟ್ ಶಂಶುದ್ದೀನ್ ಬಾಡಿಗಿಗೆ ಕೊಟ್ಟಾನ, ನಾ ಅವರ ಮಾರಿನೂ ನೋಡಿಲ್ಲ. ಬ್ಯಾಸಿಗಿ ತಡಿಲಾರದ ಏಸಿ ಕೂಡಿಸ್ಯಾರ. ಪೈಪ್ ಬಿಡಾಕ ಮ್ಯಾಲಿನ ಶೀಟ್ ಕೊಯ್ದಾರ ಅಂತ ಮೊನ್ನಿ ಗೊತ್ತಾತು." ವಿರೂಪಣ್ಣ ಮುಂದುವರಿಸಿದ. "ಶೀಟ್ ಕೊಯ್ಯೂದು ನನ್ನ ತಮ್ಮನ ಕಸುಬಿತ್ರಿ. ಉಸಿರು ಸಿಗಲಾರದ ಸತ್ತ."

ಶಶಿಕಲಾಗೆ ರೇಗಿತು. ಬಾಡಿಗೆದಾರರನ್ನು ಎಬ್ಬಿಸಲು ಸತ್ತ ತಮ್ಮನನ್ನೂ ಎಳೆದು ತರುತ್ತಾನಲ್ಲ! ಏಸಿ ಹಾಕಿಸಿಕೊಂಡವರು ತಳ ಊರಿದರು ಎಂಬ ಹೊಟ್ಟೆಯುರಿ ಇವನಿಗೆ. ಆ ಐವರು ಸಂಜೆ ಗಂಟುಮೂಟೆ ಹೊತ್ತು ರಸ್ತೆಯಲ್ಲಿ ನಿಂತಂತೆ ಅವಳ ಕಣ್ಣಿಗೆ ಕಟ್ಟಿತು.

"ಎಲ್ಲಿ ಬರ್ತದ ಬಿಲ್ಡಿಂಗು?"

"ರಾಯಚೂರಾಗ ರೀ. ತೀನ್ ಕಂದೀಲ್ ಸರ್ಕಲ್ ದಾಟಿ, ಅಲ್ಲೇ..."

"ಗುರುತು ಬ್ಯಾಡ್ರಿ. ಮನಿ ನಂಬರ್ ಹೇಳ್ರಿ."

ಈ ಊರಲ್ಲಿ ಯಾರಿಗೂ ನಂಬರು ಬೇಕಿಲ್ಲ. ಬೇವಿನ ಮರದ ಎದುರು, ಮುನ್ನೀ ಬೀ ಹಿಟ್ಟಿನ ಗಿರಣಿ ಹಿಂದೆ, ಎಂದರೆ ಮುಗಿಯಿತು. ಕೆಲಸಕ್ಕೆ ಸೇರಿದ ದಿನ ಶಶಿಕಲಾಳೂ ಆ ಹಿಟ್ಟಿನ ಗಿರಣಿ ಕೇಳಿಕೊಂಡೇ ಕಚೇರಿಗೆ ಬಂದಿದ್ದಳು. ಆದರೆ ತಂತ್ರಾಂಶಕ್ಕೆ ಇಂಥ ಕಥೆಗಳು ಬೇಡವೆಂದು 'ಗುರುತು' ಎಂಬ ಖಾನೆಯನ್ನೇ ಅವಳು ಅಳಿಸಿ, ಮೇಲಿನವರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದಳು.

ವಿರೂಪಣ್ಣ ತೆರಿಗೆ ರಸೀದಿ ಹುಡುಕಿ ನಂಬರು ಓದಿದ. ಅವಳು ಬರೆದುಕೊಂಡಳು. ಬೆರಳು ಒಂದು ಗಳಿಗೆ ಕೆಂಪಿನ ಮೇಲೆ ನಿಂತಿತು. ಆಮೇಲೆ ಹಳದಿಯನ್ನು ಒತ್ತಿತು.

"ಹಾಕೀನ್ರಿ," ಎಂದಳು. ಬಣ್ಣ ಹೇಳಲಿಲ್ಲ.

"ಪುಣ್ಯ ಬರ್ತದ ಯವ್ವಾ. ಐದು ಜೀವ ಉಳಿಸಿದಿ."

ಫೋನ್ ಇಟ್ಟಾಗ ಅವಳಿಗೆ ಗೆದ್ದಂತೆಯೂ ಅನ್ನಿಸಿತು, ಯಾಕೋ ಎದೆ ಭಾರವಾದಂತೆಯೂ ಅನ್ನಿಸಿತು. ಚೀಟಿಗೆ ಸಹಿ ಹಾಕಿ ಜವಾನ ಪಕೀರಪ್ಪನನ್ನು ಕರೆದಳು. ತಿಂಗಳು ತಿಂಗಳು ಕಚೇರಿಯ ಕರೆಂಟು ಬಿಲ್ಲು ಕಟ್ಟಿ ಬರುವವನು ಅವನೇ, ಮನೆ ನಂಬರುಗಳಲ್ಲಿ ಪಳಗಿದವನು.

"ಪಕೀರಪ್ಪಣ್ಣ, ಇವತ್ತೇ ಅಂಟಿಸಿ ಬರ್ರಿ. ಬಿಸಿಲದ, ಗಾಡಿ ತಗೊಂಡು ಹೋಗ್ರಿ."

ಅವನು ನಂಬರು ಓದಿದ. ಇನ್ನೊಮ್ಮೆ ಓದಿದ. "ಮೇಡಮ್ಮರ, ಇದು..."

"ಹೋಗ್ರೀ, ಐದಾಗಾಕ ಬಂತು!"

ಪಕೀರಪ್ಪ ಗಾಡಿಯ ಕೀಲಿಯನ್ನು ಮೇಜಿನ ಮೇಲೇ ಬಿಟ್ಟು ಹೊಸ್ತಿಲು ದಾಟಿದ, ಹಿಂದಕ್ಕೆ ತಿರುಗಿ ನಿಂತು ಗೋಂದು ಸವರಿದ, ಹಳದಿ ಚೀಟಿಯನ್ನು ತಮ್ಮದೇ ಕಚೇರಿಯ ಬಾಗಿಲಿಗೆ ಅಂಟಿಸಿದ.