ಸೀಸದ ಗೆರೆ

ಅಕ್ಕ ಉಸಿರು ಬಿಗಿಹಿಡಿದು, ಕಂಪ್ಯೂಟರಿನಿಂದ ಬಿಚ್ಚಿದ ಪ್ರೊಸೆಸರಿನ ಮೇಲಿನ ಕೊನೆಯ ಎರಡು ಚುಕ್ಕಿಗಳನ್ನು ಪೆನ್ಸಿಲಿನಿಂದ ಜೋಡಿಸಿದಳು. ಕಂಪನಿಯವರು ಅದರ ವೇಗಕ್ಕೆ ಹಾಕಿದ್ದ ಬೀಗ ಇಂಥ ಸೀಸದ ಗೆರೆಗಳಿಂದ ತೆರೆಯುತ್ತದೆಂದು ತಮ್ಮ ಓದಿಕೊಂಡಿದ್ದ. ಆದರೆ ಅಷ್ಟು ಸಣ್ಣ ಗೆರೆ ಎಳೆಯಲು ಅವನಿಗೆ ಬರುತ್ತಿರಲಿಲ್ಲ. "ಚಿತ್ರ ಬಿಡಿಸೋ ಕೈ ನಿಂದು, ಎಳೆದುಕೊಡೇ ಅಕ್ಕಾ. ಆಮೇಲೆ ದಿನಾ ಸಂಜೆ ಕಂಪ್ಯೂಟರ್ ನಿಂದೇ," ಎಂದು ಗೋಗರೆದಿದ್ದ.

ತಮ್ಮ ಪ್ರೊಸೆಸರನ್ನು ಮತ್ತೆ ಕೂರಿಸಿ ವೇಗ ಏರಿಸಿದ. ಅಜ್ಜಿಯ ಕಥೆಯ ಮರದ ಕುದುರೆಗೆ ಜೀವ ಬಂದಂತೆ ಯಂತ್ರ ಓಡತೊಡಗಿತು. ಅಪ್ಪ ಬಂದು ಅವನ ಬೆನ್ನು ತಟ್ಟಿದರು. "ತಲೆ ಅಂದ್ರೆ ನನ್ನ ಮಗಂದು ನೋಡು." ತಮ್ಮ ಸುಮ್ಮನೆ ನಕ್ಕ.

ಅವಳು ಮೌಸಿನತ್ತ ಕೈ ಚಾಚಿದಳು. "ಏಯ್, ಕೈಯೆಲ್ಲ ಮಸಿ. ಮುಟ್ಟಬೇಡಮ್ಮ, ಅವನು ಕಷ್ಟಪಟ್ಟು ಮಾಡಿರೋದು ಕೆಟ್ಟೀತು," ಎಂದರು ಅಪ್ಪ.

ಸೀಸ ಮೆತ್ತಿದ ಬೆರಳನ್ನು ಹಾಗೇ ಹಿಡಿದು ಅವಳು ತಮ್ಮನನ್ನು ನೋಡಿದಳು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.