ಉಳಿದ ಬಟ್ಟಲುಗಳು

"ನಮ್ಮಲ್ಲಿ ಗಂಜಿಗೆ ಬರೋರು ಅರ್ಧಕ್ಕರ್ಧ ಕಡಿಮಿ ಆಗ್ಯಾರ್ರಿ ಶೆಟ್ರ" ಎನ್ನುತ್ತ ಪಕ್ಕೀರಮ್ಮ ತಾನು ಹೊತ್ತು ತಂದ ಗಂಟನ್ನು ಬಿಚ್ಚಿದಳು. ತಾನು ಗಂಜಿ ಕಾಯಿಸುವ ಸಿರುಗುಪ್ಪದ ಕೇಂದ್ರದಲ್ಲಿ ಮಂದಿ ಉಂಡು ಅಲ್ಲೇ ಇಟ್ಟುಹೋಗುತ್ತಿದ್ದ ತಗಡಿನ ಬಟ್ಟಲುಗಳಲ್ಲಿ, ಯಾರೂ ಎತ್ತಿಕೊಳ್ಳದೆ ಉಳಿದವನ್ನೆಲ್ಲ ಬೂದಿ ಹಾಕಿ ಬೆಳಗಿ ಬಳ್ಳಾರಿಗೆ ತಂದಿದ್ದಳು. "ಸುಮ್ನ ಬಿದ್ದಿದ್ವು. ಕುರುಗೋಡಿನವ್ರಿಗಾದ್ರೂ ಆಗ್ಲಿ."

ಕೌಲ್ ಬಜಾರಿನ ಅಂಗಡಿಕಟ್ಟೆಯ ಮೇಲೆ ಕುಳಿತಿದ್ದ ಶೆಟ್ಟರ ಮುಖ ಅರಳಿತು. ಯುದ್ಧ ಮುಗಿದು ಬರ ಬಿದ್ದಂದಿನಿಂದ ಸಿರುಗುಪ್ಪ, ಕುರುಗೋಡು ಎರಡೂ ಊರಿನ ಗಂಜಿಗೆ ಜೋಳ ಕೊಡುತ್ತಿದ್ದವರು ಅವರೇ. "ಒಳ್ಳೇ ಸುದ್ದಿ ತಂದಿ ಬಿಡವ್ವ. ಹಂಗಾರ ನಿಮ್ಮ ಪಾಲಿನಾಗ ಅರ್ಧ ಜ್ವಾಳ ಕುರುಗೋಡಿಗೆ ಕಳಸ್ತೀನಿ. ಅಲ್ಲಿ ಮಂದಿ ಕಡಿಮಿ ಆಗವಲ್ರು."

ಜೋಳ ಒಯ್ಯಲು ಬಂದಿದ್ದ, ಕುರುಗೋಡಿನಲ್ಲಿ ಗಂಜಿ ಕಾಯಿಸುವ ಮದಾರಬೀ ಒಂದು ಬಟ್ಟಲನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು. ಅದರ ಬುಡದಲ್ಲಿ ಯಾರೋ ಗುರುತಿಗೆಂದು ಮೊಳೆಯಿಂದ ಹೂವು ಗೀರಿದ್ದರು. "ಇದು ಯಾರದಕ್ಕ? ನಮ್ಮಲ್ಲಿ ಹೊತ್ತೇರಿದ್ರೂ ಯಾರದಾರ ಬಟ್ಟಲ ಹಂಗ ಉಳಿದ್ರ, ಅವ್ರಿಗೆ ನಡಿಯಾಕ ಆಗವಲ್ದು ಅಂತ ತಿಳ್ಕೊಂಡು ಗಂಜಿನ ಮನಿಗೇ ಒಯ್ತೀವಿ. ಅದಕ್ಕ ನಮ್ಮ ಮಂದಿ ಕಡಿಮಿ ಆಗಿಲ್ಲ. ನೀವು ಯಾರೂ ಹೋಗಿ ನೋಡ್ಲಿಲ್ಲೇನು?"

ಪಕ್ಕೀರಮ್ಮ ಬಗ್ಗಿ ಬಟ್ಟಲಿನ ಬುಡ ನೋಡಿದಳು. ಹೂವಿನ ಗುರುತು ಹುಲುಗಜ್ಜಿಯದು. ಕೋಲೂರಿಕೊಂಡು ಬರುತ್ತಿದ್ದ ಆ ಮುದುಕಿ ಬರುವುದನ್ನು ನಿಲ್ಲಿಸಿದಾಗ, ಮಗಳ ಊರಿಗೆ ಹೋಗಿರಬೇಕೆಂದುಕೊಂಡು ಬಟ್ಟಲನ್ನು ಮೂಲೆಗೆ ಸರಿಸಿದ್ದಳು.

"ಇತ್ಲಾಗ ಕೊಡವ್ವ" ಎಂದು ಅದನ್ನು ಇಸಿದುಕೊಂಡು, ಒಳಗೆಲ್ಲ ಬೆರಳಾಡಿಸಿದಳು. ಅಂಟಿದ್ದ ಗಂಜಿಯನ್ನೆಲ್ಲ ತಾನೇ ತಿಕ್ಕಿ ತೊಳೆದಿದ್ದಳು. ಬಟ್ಟಲು ಹೊಸದರಂತೆ ಹೊಳೆಯುತ್ತಿತ್ತು.