ತೊಯ್ದ ಹಗ್ಗ

“ನೀರ ಏರಾಕತ್ತೈತ್ರಿ!” ಎಂದು ಕಾಳವ್ವ ಗಂಡನ ತೋಳು ಹಿಡಿದುಕೊಂಡಳು.

ಉತ್ತಮ ಎಂಬ ಅಂಬಿಗ ಬೆಳಿಗ್ಗೆಯಿಂದ ಇವರನ್ನು ಹಾಯಿದೋಣಿಯಲ್ಲಿ ಕೂರಿಸಿಕೊಂಡು ಮಾಲವಣದ ಹಳೆಯ ಬಂದರನ್ನೆಲ್ಲ ಸುತ್ತಾಡಿಸಿ, ಕಡೆಗೆ ಸಮುದ್ರದ ನಡುವಿನ ಕೋಟೆಗೆ ತಂದು ಇಳಿಸಿದ್ದ. ಈಗ ಅವನೇ ಅವಸರ ಮಾಡುತ್ತಿದ್ದ. “ಚಲಾ, ಚಲಾ! ಭರತಿ ಬಂತು, ಸಮುದ್ರ ಉಕ್ತಾ ಇದೆ. ಅಲೆ ಜೋರಾದರೆ ಈ ಬಂಡೆಗಳ ಹತ್ತಿರ ದೋಣಿ ನಿಲ್ಲೋದಿಲ್ಲ!” ಎಂದು ಮರಾಠಿಯಲ್ಲಿ ಕೂಗುತ್ತಿದ್ದ. ಉಳಿದ ಪ್ರವಾಸಿಗರು ಆಗಲೇ ಹತ್ತಿ ಕೂತಿದ್ದರು. ಧರೆಪ್ಪ ಒಂದು ಕಾಲು ದೋಣಿಯಲ್ಲಿಟ್ಟು ಹೆಂಡತಿಗಾಗಿ ನಿಂತಿದ್ದ.

“ಸಮುದ್ರ ಅಂದ ಮ್ಯಾಲ ಏರತೈತಿ, ಇಳೀತೈತಿ. ನೀ ಮೊದ್ಲ ಹತ್ತು.”

“ಆ ಆಡು ನೋಡ್ರಿ.”

ಕೋಟೆಯ ಗೋಡೆಯ ಬುಡದಲ್ಲಿ ಮೊಳದಗಲ ಉಸುಕು ಉಳಿದಿತ್ತು. ಅಲ್ಲಿ ಗೂಟಕ್ಕೆ ಒಂದು ಆಡನ್ನು ಕಟ್ಟಿದ್ದರು. ನೀರು ಗೊರಸಿಗೆ ಬಂದಿತ್ತು. ಹಗ್ಗ ಇದ್ದಷ್ಟು ದೂರ ಸರಿದು, ಗೋಡೆಗೆ ಮೈ ಒತ್ತಿ ನಿಂತು ಅದು ಒಂದೇ ಸಮ ಒದರುತ್ತಿತ್ತು.

“ಯಾರದೋ ಆಡು, ಅವ್ರು ನೋಡ್ಕೋತಾರ. ಊರ ಉಸಾಬರಿ ನಿನಗ್ಯಾಕ ಬೇಕ?” ಎಂದು ಧರೆಪ್ಪ ನಕ್ಕ. ಯಡೂರು ಬಿಟ್ಟಾಗಿನಿಂದ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಕೃಷ್ಣೆಯ ದಂಡೆಯ ಮೇಲೆ ಹುಟ್ಟಿದವನಿಗೆ ಸಮುದ್ರ ಏನು ಮಹಾ ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದ. ಕಾಳವ್ವ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಹೊಳೆ ದಾಟಲು ನೂರು ಸಲ ದೋಣಿ ಹತ್ತಿದವಳೇ ಅವಳು. ಆದರೆ ಮಹಾಪೂರ ಬಂದ ವರ್ಷದಿಂದ ಈಚೆಗೆ ದೋಣಿ ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ಆ ವರ್ಷ ನೀರು ಹೊಸ್ತಿಲು ದಾಟಿದ ಮೇಲೆ ಅವರನ್ನು ಕರೆದೊಯ್ಯಲು ದೋಣಿ ಬಂದಿತ್ತು. ಎಮ್ಮೆ ಹಿತ್ತಲಲ್ಲಿ ಕಟ್ಟಿದಂತೆಯೇ ಇತ್ತು. ಬಿಚ್ಚಿ ಬರುತ್ತೇನೆಂದು ಹೊರಟ ಕಾಳವ್ವನನ್ನು ಧರೆಪ್ಪ ರಟ್ಟೆ ಹಿಡಿದು ದೋಣಿಗೆ ಎಳೆದಿದ್ದ. “ಸಂಜಿಗೆ ನೀರ ಇಳೀತೈತಿ, ಬಾ” ಅಂದಿದ್ದ. ವಾರ ಕಳೆದರೂ ನೀರು ಇಳಿಯಲಿಲ್ಲ. ಇಳಿದ ಮೇಲೆ ಮೊದಲು ತಾನೊಬ್ಬನೇ ಮನೆಗೆ ಹೋಗಿ ಬಂದು, “ಎಮ್ಮಿ ಹಗ್ಗ ಹರ್ಕೊಂಡು ಹೋಗೇತಿ. ಎಲ್ಲೆರೆ ದಂಡಿ ಹತ್ತಿರತೈತಿ ಬಿಡು” ಅಂದ. ಕಾಳವ್ವ ಹೂಂ ಅಂದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಧರೆಪ್ಪನಿಗೂ ಅದೇ ಬೇಕಾಗಿತ್ತು.

ಈಗ ಅಲೆಯೊಂದು ಬಂದು ಆಡಿನ ಮೊಣಕಾಲು ಮುಟ್ಟಿ ಹೋಯಿತು. ಕಾಳವ್ವ ಗಂಡನ ತೋಳು ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದೇ ಬಿಟ್ಟಳು.

“ಮಾವಶಿ, ಎಲ್ಲಿಗೆ?” ಉತ್ತಮ ಅರಚಿದ. “ಅದನ್ನ ದಿನಾ ಅಲ್ಲೇ ಕಟ್ತಾರೆ! ಸಂಜೆಗೆ ನೀರು ತಾನೇ ಇಳಿಯುತ್ತೆ!”

ಕಾಳವ್ವ ನಿಂತಳು. ತಿರುಗಿ ಅಂಬಿಗನನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

“ಕೇಳಿದ್ರಿಲ್ಲ?” ಎಂದಷ್ಟೇ ಹೇಳಿ ಮುಂದೆ ನಡೆದಳು.

ಧರೆಪ್ಪನ ನಗು ಅಲ್ಲಿಗೆ ನಿಂತಿತು. ದೋಣಿಯಲ್ಲಿದ್ದವರು ಬೈಯತೊಡಗಿದರು. ಒಂದು ಆಡಿಗಾಗಿ ನಮ್ಮನ್ನೆಲ್ಲ ಬಂಡೆಗೆ ಬಡಿಸುತ್ತೀರಾ ಎಂದು ಒಬ್ಬರು ಕೂಗಿದರು. ಉತ್ತಮ ಕೋಲು ಊರಿ ದೋಣಿಯನ್ನು ಬಂಡೆಯಿಂದ ದೂರ ಹಿಡಿಯಲು ಹೆಣಗುತ್ತಿದ್ದ. ಅತ್ತ ಕಾಳವ್ವ ಆಡಿನ ಕೊರಳಿಗೆ ಕೈ ಹಾಕಿ ಒದ್ದಾಡುತ್ತಿದ್ದಳು. ಅದು ಜಗ್ಗಿ ಜಗ್ಗಿ ಗಂಟು ಬಿಗಿದುಹೋಗಿತ್ತು.

“ಗಂಟ ಬಿಚ್ಚವಲ್ದ್ರೀ!” ಅವಳ ದನಿಯಲ್ಲಿ ಅಳು ಇತ್ತು. “ಲಗೂನ ಬರ್ರಿ!”

ಧರೆಪ್ಪ ಧುಮುಕಿದ. ತೊಡೆಮಟ್ಟದ ನೀರಿನಲ್ಲಿ ಎಡವುತ್ತ, ಬಂಡೆ ಹಿಡಿಯುತ್ತ ಅಲ್ಲಿಗೆ ಮುಟ್ಟಿದ. ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ. ಮತ್ತೆ ಜಗ್ಗಿದ. ಕೊನೆಗೆ ಮಂಡಿಯೂರಿ, ಗಂಟಿಗೆ ಬಾಯಿ ಹಾಕಿ, ಹಲ್ಲಿನಿಂದ ಎಳೆದೆಳೆದು ಸಡಿಲಿಸಿದ. ಬಿಡುಗಡೆಯಾದ ಆಡು ಇಬ್ಬರನ್ನೂ ತಳ್ಳಿಕೊಂಡೇ ಹಾರಿ, ಮೆಟ್ಟಿಲು ಹತ್ತಿ, ಕೋಟೆಯ ಬಾಗಿಲಲ್ಲಿ ಮರೆಯಾಯಿತು.

ಗಂಡ ಹೆಂಡತಿ ದೋಣಿ ಹತ್ತಿದಾಗ ಯಾರೂ ಅವರ ಮುಖ ನೋಡಲಿಲ್ಲ. ಉತ್ತಮ ಹಾಯಿ ಬಿಚ್ಚಿದ. ಗಾಳಿ ತುಂಬಿ ದೋಣಿ ಬಂಡೆಗಳನ್ನು ಬಿಟ್ಟು ಹೊರಬಂದ ಮೇಲೆಯೇ ಅವನಿಗೆ ಉಸಿರು ಬಂತು, ಉಸಿರಿನ ಜೊತೆಗೆ ಸಿಟ್ಟೂ ಬಂತು.

“ಅಷ್ಟು ಹೊತ್ತು ಯಾಕೆ ಬೇಕಿತ್ತು, ಕಾಕಾ? ಒಂದು ಸಲ ಜೋರಾಗಿ ಜಗ್ಗಿದ್ದರೆ ಹಗ್ಗ ಹರೀತಿತ್ತು.”

ಧರೆಪ್ಪ ಅಂಗೈ ಮೇಲೆ ಎದ್ದ ಕೆಂಪು ಬರೆಗಳಿಗೆ ಉಸಿರು ಊದಿಕೊಳ್ಳುತ್ತಿದ್ದ. ದನ ಕಟ್ಟಿಯೇ ಮುದುಕನಾದ ತನಗೆ ಹಗ್ಗದ ವಿಷಯ ಹೇಳಿಕೊಡುವ ಈ ಹುಡುಗನನ್ನು ಕಂಡು ರೇಗಿತು.

“ಲೇ ತಮ್ಮಾ, ತೊಯ್ದ ಹಗ್ಗ ಎಲ್ಲೆರೆ ಹರೀತೈತೇನೋ? ಆನಿ ಜಗ್ಗಿದ್ರೂ ಹರಿಯಂಗಿಲ್ಲ.”

ಹೇಳಿ ಮುಗಿಸಿದ ಮೇಲೆ ಅವನ ಕೈ ಬಾಯ ಹತ್ತಿರವೇ ನಿಂತಿತು. ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ. ಕಾಳವ್ವ ಸೆರಗಿನ ನೀರು ಹಿಂಡುತ್ತಿದ್ದಳು. ತಲೆ ಎತ್ತಲಿಲ್ಲ.

“ಗೊತ್ತೈತ್ರಿ,” ಅಂದಳು. “ನನಗ ಆವತ್ತ ಗೊತ್ತಿತ್ತು.”